ಏಳನೆಯ ಹಲ್ಲು

ದೆವ್ವ, ದೃಷ್ಟಿ, ಶಕುನ ಇವನ್ನೆಲ್ಲ ನಾನು ನಂಬಿದವನಲ್ಲ. ಇಚಲಕರಂಜಿಯಲ್ಲಿ ಬಟ್ಟೆ ವ್ಯಾಪಾರ ಮಾಡುವವನು ನಂಬಬೇಕಾದದ್ದು ತನ್ನ ಬೆರಳನ್ನು. ನಿಮಗೂ ಒಂದು ಮಾತು ಪುಕ್ಕಟೆ ಹೇಳುತ್ತೇನೆ: ಸೀರೆ ಕೊಳ್ಳುವಾಗ ಅಂಗಡಿಯವನ ಬಾಯಿ ಕೇಳಬೇಡಿ, ಸೆರಗು ಮಗುಚಿ ಹಿಂಬದಿ ನೋಡಿ. ನೇಕಾರ ಎಲ್ಲಿ ಗಂಟು ಹಾಕಿದ, ಎಲ್ಲಿ ಬೇಸರಪಟ್ಟ ಅನ್ನುವುದೆಲ್ಲ ಅಲ್ಲಿ ಕಾಣುತ್ತದೆ. ಈ ಒಂದು ಬುದ್ಧಿಯಿಂದಲೇ ನಾನು ಕೂಲಿ ಮಗ್ಗ ಬಿಟ್ಟು ಸ್ವಂತ ಅಂಗಡಿಗೆ ಬಂದೆ. ಆದರೆ ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನದ ಮುಂದೆ ಈ ಬುದ್ಧಿ ನಡೆಯಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನನಗೆ ನೇಯುವುದು ಕಲಿಸಿದವರು ಬಸಲಿಂಗಪ್ಪ ಕಾಕಾ. ಅವರ ಸೀರೆಯ ಅಂಚಿನುದ್ದಕ್ಕೂ ಸಣ್ಣ ಸಣ್ಣ ಗೋಪುರದ ಸಾಲು. ಒಂದೊಂದು ಗೋಪುರಕ್ಕೂ ನಾವು ಹಲ್ಲು ಅನ್ನುತ್ತೇವೆ. ಕಾಕಾ ತೀರಿಹೋಗಿ ಬಹಳ ವರ್ಷವಾಯಿತು. ಅವರು ನೇಯ್ದದ್ದು ದಿನಬಳಕೆಯ ಸೀರೆ. ಉಟ್ಟವರು ಉಟ್ಟು, ಹರಿದ ಮೇಲೆ ಹೊದೆಯಲು ಕೌದಿ ಹೊಲಿದುಬಿಟ್ಟರು. ಮನೆಯಲ್ಲಿ ಒಂದೂ ಉಳಿಯಲಿಲ್ಲ. ಅವರ ಮಗಳು ಶೈಲಾ ಗಡಹಿಂಗ್ಲಜದಲ್ಲಿ ಶಿಕ್ಷಕಿ. ಶಾಲೆಯ ಕೆಲಸದ ಜೊತೆಗೇ ಈ ಭಾಗದ ಕೈಮಗ್ಗದ ಮೇಲೆ ಸಂಶೋಧನೆ ಮಾಡುತ್ತಿದ್ದಳು.

ಆ ದಿನ ಬಸ್ಸಿಳಿದವಳೇ ನೇರ ನನ್ನ ಅಂಗಡಿಗೆ ಬಂದಳು. ಮರುದಿನ ಕೊಲ್ಹಾಪುರದಲ್ಲಿ ತನ್ನ ಮಾರ್ಗದರ್ಶಕರ ಮುಂದೆ ಪ್ರಬಂಧ ಇಡಬೇಕಿತ್ತು. ಅಪ್ಪನ ಅಂಚಿನ ಒಂದು ನಮೂನೆಯಾದರೂ ಇಲ್ಲದಿದ್ದರೆ ಆ ಅಧ್ಯಾಯವನ್ನೇ ತೆಗೆಯಬೇಕು ಎಂದು ಅವರು ಹೇಳಿದ್ದರಂತೆ.

"ಅಣ್ಣಾ, ಅಪ್ಪನ ಹೆಸರ ಇನ್ನೆಲ್ಲೂ ಉಳದಿಲ್ರಿ. ಈ ಪ್ರಬಂಧದಾಗರ ಇರ್ಲಿ ಅಂತ ನಾಕ ವರ್ಷ ಬರದೀನಿ."

ಹೇಳುತ್ತಲೇ ಅತ್ತುಬಿಟ್ಟಳು. ಅಳುವವರ ಮುಂದೆ ನಾನು ಉಪಾಯ ಇಡುವವನು. ಆಗಲೇ ನಮ್ಮ ಅಂಗಡಿಗೆ ಎಐ ಬಂದಿತ್ತು. ಬೇಕಾದ ಸೀರೆಯನ್ನು ಮಾತಿನಲ್ಲಿ ವಿವರಿಸಿದರೆ ಕಂಪ್ಯೂಟರು ನಕ್ಷೆ ಬರೆದು ಕೊಡುತ್ತಿತ್ತು.

"ನಾ ಹೇಳತೇನಿ, ಅದು ಬರೀತೈತಿ. ಹಳೇ ಸೀರೀದು ಫೋಟೋ ಅಂತ ಅಂಟಸು. ಯಾರ್ ಕೇಳತಾರ?"

"ಅದು ಸುಳ್ಳಾಗತೈತಲ್ರಿ."

"ಸುಳ್ಳಲ್ಲವಾ, ಹೊಂದಾಣಿಕಿ. ನಿಮ್ಮಪ್ಪನ ಅಂಚು ನನ್ನಷ್ಟ ಯಾರ್ ನೋಡ್ಯಾರ?"

ಅವಳು ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತಳು.

ಬಣ್ಣ, ಅಗಲ, ಹಲ್ಲಿನ ಎತ್ತರ, ಸೆರಗಿನ ಪಟ್ಟಿ ಎಲ್ಲ ಬರೆದೆ. ಒಂದು ಮಾತ್ರ ಬರೆಯಲಿಲ್ಲ. ಕಾಕಾ ಸೆರಗಿನ ಕಡೆಯಿಂದ ಏಳನೆಯ ಹಲ್ಲನ್ನು ಪ್ರತಿ ಸೀರೆಯಲ್ಲೂ ನೇಯದೆ ಖಾಲಿ ಬಿಡುತ್ತಿದ್ದರು. ಕಲಿಯುವ ದಿನಗಳಲ್ಲಿ ನಾನದನ್ನು ತಪ್ಪೆಂದು ತಿಳಿದು, ಅವರು ಊಟಕ್ಕೆ ಎದ್ದಾಗ ತುಂಬಿ ನೇಯ್ದುಬಿಟ್ಟಿದ್ದೆ. ಉಂಡು ಬಂದು ನೋಡಿದವರೇ ಒಂದು ಗೇಣು ನೇಯ್ಗೆ ಬಿಚ್ಚಿದರು. ಆಮೇಲೆ ಅಂದರು: "ಪೂರ್ತಿ ಚಂದ ಆದ್ರ ದೃಷ್ಟಿ ತಾಗತೈತಿ. ಇದು ನನ್ನ ಗುರುತ. ಯಾರಿಗೂ ಹೇಳಬ್ಯಾಡ." ನಾನು ಹೆಂಡತಿಗೂ ಹೇಳಿರಲಿಲ್ಲ. ಆ ದಿನವೂ ಬೇಕೆಂದೇ ಬಿಟ್ಟೆ. ಅಸಲಿಗೂ ನಕಲಿಗೂ ನಡುವೆ ನನಗಾದರೂ ಒಂದು ಗುರುತು ಇರಲಿ ಅಂತ. ಶಾಣ್ಯಾ ವ್ಯಾಪಾರಿ ಇದ್ದ ಮಾಲನ್ನೆಲ್ಲ ಗಿರಾಕಿಯ ಮುಂದೆ ಹರಡುವುದಿಲ್ಲ.

ಚಿತ್ರ ಬರುತ್ತಿದ್ದಂತೆ ಲೈಟು ಹೋಯಿತು. ಓಣಿಯ ಪವರ್‌ಲೂಮುಗಳೆಲ್ಲ ಒಮ್ಮೆಲೇ ನಿಂತವು. ನಮ್ಮೂರಲ್ಲಿ ಆ ಸದ್ದು ನಿಂತರೆ ಏನೋ ಆಯಿತು ಅನ್ನಿಸುತ್ತದೆ. ಲ್ಯಾಪ್‌ಟಾಪು ಬ್ಯಾಟರಿಯ ಮೇಲಿತ್ತು, ಇಂಟರ್‌ನೆಟ್ಟು ಮೊಬೈಲಿನದು. ಒಳಗೋಣೆಯಲ್ಲಿ ಪರದೆಯೊಂದೇ ಬೆಳಗುತ್ತಿತ್ತು.

ಶೈಲಾ ಬೆರಳಿಟ್ಟು ತೋರಿಸಿದಳು. "ಇಲ್ಲೊಂದು ಹಲ್ಲ ಬಿಟ್ಟೈತಿ ನೋಡ್ರಿ. ತುಂಬಸ್ರಿ, ಇಲ್ಲಾಂದ್ರ ಸರ್ ಹಿಡೀತಾರ."

ನಾನು ಸೆರಗಿನ ಕಡೆಯಿಂದ ಎಣಿಸಿದೆ. ಏಳು.

ಇನ್ನೊಮ್ಮೆ ಎಣಿಸಿದೆ, ಏಳೇ. ಖಾಲಿ ಹಲ್ಲು ತುಂಬು ಎಂದು ಟೈಪು ಮಾಡಿದೆ. ಚಿತ್ರ ಮತ್ತೆ ಬಂತು. ಕೆಂಪು ತುಸು ಗಾಢವಾಗಿತ್ತು, ಪಟ್ಟಿ ಅಗಲವಾಗಿತ್ತು, ಏಳನೆಯದು ಖಾಲಿಯೇ ಇತ್ತು. ಇನ್ನೊಮ್ಮೆ ಹೇಳಿದೆ. ತುಂಬಿದ್ದೇನೆ ಎಂದು ಬರೆಯಿತು, ತುಂಬಿರಲಿಲ್ಲ. ಮೂರನೆಯ ಸಲ ನನ್ನ ಬೆರಳು ಏಳಲಿಲ್ಲ. ಕಾಕಾ ಬಿಚ್ಚಿದ ಆ ಒಂದು ಗೇಣು ನೇಯ್ಗೆಯೇ ಕಣ್ಣ ಮುಂದೆ ಬರುತ್ತಿತ್ತು.

"ಮಾರಿ ಹಿಂಗ್ಯಾಕ ಆಗೈತ್ರಿ ಅಣ್ಣಾ?"

ಅವಳಿಗೆ ಎಲ್ಲ ಹೇಳಿಬಿಟ್ಟೆ. ನೀವೇ ಮೊದಲು ಬರೆದು ಮರೆತಿರಬೇಕು ಅಂದಳು. ಬರೆದದ್ದನ್ನೆಲ್ಲ ಅವಳಿಂದಲೇ ಮೇಲಿಂದ ಕೆಳತನಕ ಓದಿಸಿದೆ. ಹಲ್ಲು ಬಿಡುವ ಮಾತು ಎಲ್ಲೂ ಇರಲಿಲ್ಲ.

ಆಮೇಲೆ ನಾನು ಆಡಿದ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ. "ಛಲೋನ ಆತಲ್ಲ. ಅಸಲಿ ಗುರುತನ ಬಂತು. ಇನ್ನ ಯಾರೂ ಹಿಡಿಯಾಂಗಿಲ್ಲ."

"ಅದಕ್ಕ ಬ್ಯಾಡ್ರಿ," ಅಂದಳು ಶೈಲಾ. "ಅಪ್ಪ ಬಿಚ್ಚಾಕತ್ತಾನ." ಲ್ಯಾಪ್‌ಟಾಪು ಮುಚ್ಚಿ, ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಹೋದಳು.

ಮರುದಿನ ಮಾರ್ಗದರ್ಶಕರ ಮುಂದೆ ನಮೂನೆ ಇಲ್ಲವೆಂದು ಒಪ್ಪಿಕೊಂಡು ಆರು ತಿಂಗಳ ಗಡುವು ಕೇಳಿಕೊಂಡಳು. ಬೈಸಿಕೊಂಡಳು, ಆದರೆ ಸಿಕ್ಕಿತು. ರಜೆ ಬಂದಾಗೆಲ್ಲ ಊರೂರು ತಿರುಗಿ ಹಳೆಯ ಕೌದಿ ಬಿಚ್ಚಿ ನೋಡಿದಳು. ಕೊನೆಗೆ ಉತ್ತೂರಿನ ಒಬ್ಬ ಮುದುಕಿಯ ಕೌದಿಯ ಒಳಪದರಿನಲ್ಲಿ ಮೊಳಕ್ಕಿಂತ ಕಡಿಮೆ ಒಂದು ತುಂಡು ಸಿಕ್ಕಿತು, ಸೆರಗಿನ ತುದಿ ಸಮೇತ. ತಂದು ನನ್ನ ಕೈಗೆ ಕೊಟ್ಟಳು. ಎಣಿಸಿದೆ, ಏಳನೆಯದು ಖಾಲಿ. ಮಗುಚಿದೆ, ಆ ಖಾಲಿ ಜಾಗದ ಹಿಂದೆ ಕಾಕಾ ಹಾಕಿದ ಸಣ್ಣ ಗಂಟು. ಅಧ್ಯಾಯ ಉಳಿಯಿತು.

ಕಂಪ್ಯೂಟರು ಬಲ್ಲವರನ್ನು ಕೇಳಿದೆ. "ಅದಕ್ಕ ಎಣಿಕಿ ಸರಿ ಬರಾಂಗಿಲ್ರಿ, ಆಗಾಗ ಒಂದ ಬಿಡತೈತಿ," ಅಂದರು. ಇರಬಹುದು. ಅದೇ ಮಾತುಗಳನ್ನು ಎಷ್ಟೋ ಸಲ ಮತ್ತೆ ಕೊಟ್ಟು ನೋಡಿದ್ದೇನೆ. ಒಮ್ಮೆ ಹಲ್ಲು ಸೊಟ್ಟ ಬರುತ್ತದೆ, ಒಮ್ಮೆ ಎರಡು ಕೂಡಿಕೊಂಡಿರುತ್ತವೆ. ಏಳನೆಯದು ಮಾತ್ರ ಆಮೇಲೆ ಒಂದು ಸಲವೂ ಖಾಲಿ ಬಂದಿಲ್ಲ.

ಎಐ ಬಳಸಬೇಡಿ ಅಂತ ನಾನು ಹೇಳುವುದಿಲ್ಲ, ನಾನೂ ದಿನಾ ಬಳಸುತ್ತೇನೆ. ಅದು ಬರೆದದ್ದನ್ನು ಅದೇ ಬರೆದದ್ದು ಅಂತ ಹೇಳಿ, ಸಾಕು. ಆ ದಿನದ ಮೊದಲ ಚಿತ್ರವನ್ನು ಕಾಗದಕ್ಕೆ ಇಳಿಸಿ ಇಟ್ಟುಕೊಂಡಿದ್ದೇನೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ತೆಗೆದು ಎಣಿಸುತ್ತೇನೆ. ಎಣಿಸಿದ ಮೇಲೆ ಕೈ ತಾನಾಗಿಯೇ ಅದನ್ನು ಮಗುಚುತ್ತದೆ. ಹಿಂಬದಿ ಬರೀ ಬಿಳಿ.