ತಿದ್ದಲೆಂದು ಕೊಟ್ಟ ಪುಸ್ತಕ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಸರಕಾರಿ ಪದವಿ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ ಕಲಿಸಿದವರು ಅನೇಕರಿದ್ದಾರೆ. ಅವರಲ್ಲಿ, ತಾವು ಬರೆದ ಪಠ್ಯಪುಸ್ತಕವನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಓದಲಿ, ಪ್ರತಿ ಮಾಡಿಕೊಳ್ಳಲಿ, ಬೇಕೆನಿಸಿದರೆ ತಿದ್ದಿಕೊಳ್ಳಲಿ ಎಂದು ಮೊದಲ ಪುಟದಲ್ಲೇ ಬರೆದುಕೊಟ್ಟವರು ಡಾ. ಮೆಹರುಬಿ ತಾಂಬೋಳಿಯವರು. ಈ ತಿಂಗಳ ಕೊನೆಗೆ ಅವರು ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಅವರ ವಿದ್ವತ್ತು, ಸಂಶೋಧನೆಗಳ ಬಗ್ಗೆ ಈ ಅಭಿನಂದನ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ಇಲ್ಲಿ ಹೇಳಹೊರಟಿರುವುದು ‘ತಿದ್ದಿಕೊಳ್ಳಲಿ’ ಎಂಬ ಆ ಕೊನೆಯ ಮಾತಿನ ಕಥೆಯನ್ನು. ಬರೆಯುವಾಗ ಅದು ಅವರಿಗೆ ಸಲೀಸಾಗಿತ್ತು, ನಡೆಸಿಕೊಡುವಾಗ ಗಂಟಲಲ್ಲಿ ಸಿಕ್ಕಿಕೊಂಡಿತು.

ಐನಾಪುರದ ಮನೆಯಲ್ಲಿ ಉರ್ದು ಆಡುತ್ತ ಬೆಳೆದ ಮೆಹರುಬಿಯವರಿಗೆ ಕನ್ನಡವು ಶಾಲೆಯಲ್ಲಿ ಒಲಿದ ಭಾಷೆ. ಹಾಗೆ ಒಲಿಸಿಕೊಂಡವರ ಕನ್ನಡ ಹುಟ್ಟಿನಿಂದ ಬಂದವರ ಕನ್ನಡಕ್ಕಿಂತ ಮಡಿಯಾಗಿರುತ್ತದೆ. ಮೊದಲ ನೌಕರಿಗೆ ಸೇರಿದ ದಿನ ಹಿರಿಯ ಸಹೋದ್ಯೋಗಿಯೊಬ್ಬರು, “ನಿಮ್ಮ ಮಂದಿಗೆ ಕನ್ನಡ ಬರ್ತೈತೇನ್ರಿ?” ಎಂದು ಸಹಜವಾಗಿಯೇ ಕೇಳಿದ್ದರಂತೆ. ಮುಂದೆ ವರ್ಷಗಟ್ಟಲೆ ಪಾರಿಭಾಷಿಕ ಪದಕೋಶಗಳನ್ನು ಎದುರಿಗಿಟ್ಟುಕೊಂಡು, ಒಂದೊಂದು ಶಬ್ದವನ್ನೂ ಅಳೆದು ತೂಗಿ ಮೆಹರುಬಿಯವರು ಬರೆದ ಸಸ್ಯಶಾಸ್ತ್ರದ ಪುಸ್ತಕವೇ ಆ ಪ್ರಶ್ನೆಗೆ ಉತ್ತರವಾಗಿತ್ತು.

ಅಥಣಿಯಲ್ಲಿ ಅವರು ಸಲ್ಲಿಸಿದ ದೀರ್ಘ ಸೇವೆಯನ್ನು ನೆನೆಯುವ ವಿದ್ಯಾರ್ಥಿಗಳು ಬೈಗುಳವನ್ನೂ ಅಂತಃಕರಣವನ್ನೂ ಒಟ್ಟಿಗೇ ನೆನೆಯುತ್ತಾರೆ. ಕಬ್ಬಿನ ಕಟಾವಿನ ಕಾಲಕ್ಕೆ ಹೊಲದ ಕೆಲಸ ಮುಗಿಸಿ ತಡವಾಗಿ ಬಂದ, ಹತ್ತಿರದ ಅನಂತಪುರ ಹಳ್ಳಿಯ ಹುಡುಗಿಯರಿಗೆ ಪ್ರಯೋಗವನ್ನು ಮತ್ತೊಮ್ಮೆ ಮೊದಲಿನಿಂದ ಮಾಡಿಸುತ್ತಿದ್ದರು. ಮಾಡಿಸುವಷ್ಟು ಹೊತ್ತೂ ಬೈಯುತ್ತಿದ್ದರು. ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯ ಮುನಾಫನಿಗಂತೂ ಬೈಗುಳವಷ್ಟೇ ಪಾಲಿಗೆ ಬಂದಿತ್ತು. ದುಬಾರಿ ಇಂಗ್ಲಿಷ್ ಪುಸ್ತಕಗಳನ್ನು ಕದ್ದು ಪ್ರತಿ ಮಾಡಿಕೊಡುತ್ತಿದ್ದ ಅವನು, ಮೇಡಂ ರಸ್ತೆ ದಾಟುವುದು ಕಂಡರೆ ಸಾಕು, ಎಲ್ಲವನ್ನೂ ಗಲ್ಲಾಪೆಟ್ಟಿಗೆಯ ಹಿಂದೆ ತಳ್ಳುತ್ತಿದ್ದ. ಅಂಥವರೇ ಒಂದು ದಿನ ಪೆನ್ ಡ್ರೈವ್ ಹಿಡಿದು ಬಂದು, ಇದರ ಪ್ರತಿ ಎಷ್ಟು ಮಂದಿ ಕೇಳಿದರೂ ತೆಗೆದುಕೊಡು ಎಂದಾಗ ಅವನಿಗೆ ನಂಬಿಕೆಯೇ ಬರಲಿಲ್ಲ.

“ನನ್ನ ಮ್ಯಾಲೆ ಕೇಸ್ ಹಾಕ್ಸಾಕ ಇದೊಂದು ಹೊಸಾ ದಾರಿ ಏನ್ರಿ, ಮೇಡಂ?”

“ನನ್ನ ಪುಸ್ತಕ, ನಾನ ಹೇಳಾಕತ್ತೇನಿ. ಸುಮ್ನ ತಗಿ.”

ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬಂತೆ ವಿದ್ಯಾರ್ಥಿಗಳು ಮುಗಿಬಿದ್ದರು. ಅಧ್ಯಾಪಕರು ಅಷ್ಟು ಬೇಗ ಒಪ್ಪಲಿಲ್ಲ. ಬೆಲೆಯಿಲ್ಲದ ಪುಸ್ತಕಕ್ಕೆ ಬೆಲೆ ಕೊಡುವ ಅಭ್ಯಾಸ ನಮ್ಮಲ್ಲಿ ಯಾರಿಗಿತ್ತು? ಮೆಹರುಬಿಯವರು ಬಸ್ಸು ಹತ್ತಿ ಒಂದೊಂದೇ ಕಾಲೇಜಿಗೆ ಹೋಗಿ ಒಪ್ಪಿಸಿದರು. ಕೊನೆಗೆ ಐದೂ ತಾಲೂಕುಗಳ ಸಸ್ಯಶಾಸ್ತ್ರ ಅಧ್ಯಾಪಕರು ಚಿಕ್ಕೋಡಿಯಲ್ಲಿ ಸಭೆ ಸೇರಿ ಆ ಪುಸ್ತಕವನ್ನು ಎಲ್ಲ ಕಡೆಯೂ ಒಂದೇ ಪಠ್ಯವಾಗಿ ಇಡುವ ತೀರ್ಮಾನ ಮಾಡುವುದೆಂದು ದಿನ ಗೊತ್ತಾಯಿತು.

ಅಷ್ಟರಲ್ಲಿ ನಿಪ್ಪಾಣಿಯಿಂದ ಬೇರೊಂದು ಪ್ರತಿ ಬಂತು. ಅಲ್ಲಿ ಪಾಠ ಮಾಡುತ್ತಿದ್ದ ಜ್ಞಾನದೇವ ಕಾಂಬಳೆಯವರು ಮೆಹರುಬಿಯವರ ಹಳೆಯ ವಿದ್ಯಾರ್ಥಿ. ಮನೆಯಲ್ಲಿ ಮರಾಠಿ ಆಡುವ ತಮ್ಮ ಹುಡುಗರಿಗಾಗಿ ಕಠಿಣ ಪದಗಳ ಪಕ್ಕದಲ್ಲಿ ಮರಾಠಿ ಪದ ಸೇರಿಸಿದ್ದರು. ‘ನೆಲಗಡಲೆ’ ಇದ್ದಲ್ಲೆಲ್ಲ ‘ಶೇಂಗಾ’ ಎಂದು ಮಾಡಿದ್ದರು. ಮೆಹರುಬಿಯವರು ಜೀವ ತೇಯ್ದು ಬರೆದ ಮೊದಲ ಅಧ್ಯಾಯ, ಸಸ್ಯಶಾಸ್ತ್ರದ ಇತಿಹಾಸ, ಅದರಲ್ಲಿ ಇರಲೇ ಇಲ್ಲ. ಅದರ ಜಾಗದಲ್ಲಿ ನಿಪ್ಪಾಣಿಯ ಹೊಲಗಳ ತಂಬಾಕಿನ ಗಿಡ ಬಂದು ಕೂತಿತ್ತು. ಈ ಪ್ರತಿಯಾದರೆ ಮಾತ್ರ ನಮಗೆ ಬೇಕು, ಇಲ್ಲವಾದರೆ ಹಳೆಯ ಇಂಗ್ಲಿಷ್ ಗೈಡೇ ಸಾಕು ಎಂದು ನಿಪ್ಪಾಣಿ ಮತ್ತು ಕಾಗವಾಡದವರು ಹೇಳಿಬಿಟ್ಟರು. ಬರೆದವರು ನೀವು, ನೀವು ಬೇಡವೆಂದರೆ ಈ ಪ್ರತಿಯ ಮಾತನ್ನೇ ಎತ್ತುವುದಿಲ್ಲ ಎಂದರು ಸಭೆಯ ಸಂಚಾಲಕರು. ಬೇಡವೆಂದರೆ ಗಡಿಯ ಹುಡುಗರಿಗೆ ಪುಸ್ತಕವಿಲ್ಲ; ಬೇಕೆಂದರೆ ಪುಸ್ತಕ ತಮ್ಮದಾಗಿ ಉಳಿಯುವುದಿಲ್ಲ. ಮೆಹರುಬಿಯವರು ಬೇಡವೆನ್ನುವುದೆಂದೇ ತೀರ್ಮಾನಿಸಿ, ಅದಕ್ಕೆ ಮೊದಲು ಶಿಷ್ಯನ ಕಿವಿ ಹಿಂಡಲೆಂದು ನಿಪ್ಪಾಣಿಗೆ ಹೋದರು.

“ಕನ್ನಡ ಪುಸ್ತಕದಾಗ ಮರಾಠಿ ತುಂಬೀಯಲ್ಲ, ಜ್ಞಾನದೇವ. ನೆಲಗಡಲೆ ಅನ್ನಾಕ ಏನ್ ತ್ರಾಸ ಆಗಿತ್ತು ನಿನಗ?”

ಊಟದ ಹೊತ್ತಾಗಿತ್ತು. ಸಿಟ್ಟು ಎಷ್ಟೇ ಇರಲಿ, ಶಿಷ್ಯನ ಮುಂದೆ ಒಬ್ಬರೇ ಉಣ್ಣುವ ಜಾಯಮಾನ ಮೆಹರುಬಿಯವರದಲ್ಲ. ಡಬ್ಬಿ ಬಿಚ್ಚಿ, ರೊಟ್ಟಿಯ ಮೇಲೆ ಚಟ್ನಿ ಹಾಕಿ ಕಾಂಬಳೆಯವರ ಕಡೆ ಸರಿಸಿದರು.

“ತಗೋ. ಶೇಂಗಾ ಚಟ್ನಿ, ಮನ್ಯಾಗ ಕುಟ್ಟಿದ್ದು.”

ಆಡಿದ ಮೇಲೆ ಆ ಮಾತು ಅವರಿಗೇ ಕೇಳಿಸಿತು. ಕಾಂಬಳೆಯವರು ನಗಲಿಲ್ಲ, ನಕ್ಕಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ. “ಚಲೋ ಆಗೈತ್ರಿ” ಎಂದಷ್ಟೇ ಹೇಳಿ ರೊಟ್ಟಿ ಮುರಿದರು.

ಮೆಹರುಬಿಯವರ ಕೈ ತುತ್ತಿನ ಮೇಲೆಯೇ ನಿಂತಿತು. ಐನಾಪುರದ ಸಂತೆಯಲ್ಲಾಗಲಿ, ತಾಯಿಯ ಅಡುಗೆಮನೆಯಲ್ಲಾಗಲಿ, ಅಥಣಿಯ ಯಾವ ಕನ್ನಡದವರ ಮನೆಯಲ್ಲಾಗಲಿ ನೆಲಗಡಲೆ ಎಂಬ ಮಾತನ್ನು ಅವರು ಕೇಳಿದ್ದೇ ಇಲ್ಲ. ಇಷ್ಟು ವರ್ಷ ನಾನು ವಿದ್ಯಾರ್ಥಿಗಳಿಗಾಗಿ ಬರೆದಿರಲಿಲ್ಲ, ಎಂದೋ ಪ್ರಶ್ನೆ ಕೇಳಿ ಮರೆತುಬಿಟ್ಟಿದ್ದ ಒಬ್ಬ ಮನುಷ್ಯನಿಗೆ ಉತ್ತರ ಕೊಡುತ್ತ ಕೂತಿದ್ದೆ ಎಂದು ಅವರಿಗೆ ಹೊಳೆಯಿತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು.

“ಮೊದಲ್ನೇ ಅಧ್ಯಾಯ ಯಾಕ ತಗದಿ?” ಎಂದು ಕೇಳಿದರು.

“ಹುಡುಗ್ರು ಅಲ್ಲಿಗೇ ಪುಸ್ತಕ ಮುಚ್ಚಿಬಿಡ್ತಿದ್ರುರಿ.” ಕಾಂಬಳೆಯವರು ತಟ್ಟೆ ನೋಡುತ್ತ ಹೇಳಿದರು. “ನಿಮ್ಮ ಕ್ಲಾಸಿನ್ಯಾಗ ನೋಟ್ಸ್ ಕೊಟ್ಟಾಗ ನಾನೂ ಅದನ್ನ ಓದಿರಲಿಲ್ರಿ.”

ಚಿಕ್ಕೋಡಿಯ ಸಭೆಯಲ್ಲಿ ಮೆಹರುಬಿಯವರು ಭಾಷಣ ಮಾಡಲಿಲ್ಲ. “ತಿದ್ದಿದ್ದ ಇರ್ಲಿರಿ. ತಿದ್ದರಿ ಅಂತ ಬರದಾಕಿ ನಾನ” ಎಂದು ಕೂತುಬಿಟ್ಟರು. ಐದೂ ತಾಲೂಕುಗಳಲ್ಲಿ ಈಗ ಓದಿಸುತ್ತಿರುವುದು ತಿದ್ದಿದ ಆ ಪುಸ್ತಕವನ್ನೇ. ಅವರು ಅದನ್ನು ಮನಸಾರೆ ಒಪ್ಪಿಕೊಂಡರೆಂದು ಬರೆದರೆ ಸುಳ್ಳಾದೀತು. ಇತಿಹಾಸದ ಅಧ್ಯಾಯ ಇರಬೇಕಿತ್ತೆಂದು ಈಗಲೂ ವಾದಿಸುತ್ತಾರೆ. ಈ ವರ್ಷ ರಾಯಬಾಗದವರು ಮತ್ತೆರಡು ಅಧ್ಯಾಯಗಳಿಗೆ ಕೈ ಹಚ್ಚಿದಾಗ ಫೋನ್ ಮಾಡಿ ಜಗಳವಾಡಿದರು, ಆಡಿ, ಬಿಟ್ಟುಕೊಟ್ಟರು.

ಮೆಹರುಬಿಯವರಿಗೆ ಆರೋಗ್ಯವೂ ನೆಮ್ಮದಿಯೂ ಇರಲಿ. ಅವರ ಪುಸ್ತಕವನ್ನು ವರ್ಷವರ್ಷವೂ ಹೊಸ ಕೈಗಳು ತಿದ್ದುತ್ತ ಹೋಗಲಿ; ಅವರು ಬರೆದ ಒಂದೇ ಒಂದು ವಾಕ್ಯವೂ ಅದರಲ್ಲಿ ಉಳಿಯದ ದಿನ ಬರಲಿ. ಆ ದಿನವನ್ನು ಕಾಣುವಷ್ಟು ಕಾಲ ಅವರು ಬಾಳಲಿ, ಕಂಡ ಮೇಲೂ ಕನ್ನಡಕ ಏರಿಸಿ ಅದರಲ್ಲಿ ತಪ್ಪು ಹುಡುಕುತ್ತಿರಲಿ.