ಸೊನ್ನೆ ವರ್ಷಕ್ಕೆ ಎಷ್ಟು ಗಂಟೆ?

ಗಂಟೆಯಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಮೂವತ್ತೆಂಟು ವರ್ಷ ಚರ್ಚಿನ ಗಂಟೆ ಹೊಡೆದವನನ್ನು ಆ ಹೆಸರಿನಿಂದ ಯಾರು ತಾನೇ ಕರೆದಾರು? ಹೆಂಡತಿ ಕೂಡ ಸಿಟ್ಟು ಬಂದಾಗ ಮಾತ್ರ ಹಾಗೆ ಕೂಗುತ್ತಿದ್ದಳು. ಕಿವಿ ಅರ್ಧ ಮಂದ, ಅಂಗೈ ತುಂಬ ಹಗ್ಗದ ಜಡ್ಡು.

ಆ ಊರಿನಲ್ಲಿ ಯಾರೇ ಸತ್ತರೂ ಅವರ ವಯಸ್ಸಿನಷ್ಟು ಗಂಟೆ. ಒಲೆಯ ಮುಂದಿದ್ದವರು ಸೌಟು ಹಿಡಿದೇ ಎಣಿಸುತ್ತಿದ್ದರು. ಎಂಬತ್ತರ ಮೇಲೆ ಹೋದರೆ ‘ಅಂಚೆಯವರ ತಾಯಿ ಇರಬೇಕು ಪಾಪ’. ಮೂವತ್ತಕ್ಕೇ ನಿಂತರೆ ಸೌಟು ಕೆಳಗಿಟ್ಟು ಬೀದಿಗೆ ಬರುತ್ತಿದ್ದರು. ಗಂಟೆಯಣ್ಣ ಲೆಕ್ಕ ತಪ್ಪಿದ್ದು ಒಂದೇ ಸಲ, ಸ್ವಂತ ಅಪ್ಪನಿಗೆ. ಎರಡು ಜಾಸ್ತಿ ಹೊಡೆದಿದ್ದ. ಅಪ್ಪನಿಗೆ ತಾನೇ, ಹೋಗಲಿ ಬಿಡಿ ಎಂದು ಎಲ್ಲರೂ ಸುಮ್ಮನಾದರು.

ಹೀಗಿರುವಾಗ ರೋಮಿನಿಂದ ಪೋಪರ ಒಂದು ದೊಡ್ಡ ಪತ್ರ ಬಂತು. ಯಂತ್ರ ಮನುಷ್ಯನ ಸೇವೆಗಿರಬೇಕು, ದುಡಿಯುವವನ ಘನತೆಗೆ ಕುಂದು ಬರಬಾರದು, ಭೂಮಿ ಎಲ್ಲ ಜೀವಿಗಳ ಮನೆ ಅಂತೆಲ್ಲ ಇತ್ತು. ಚರ್ಚಿನ ಕಾರ್ಯದರ್ಶಿ ಅದನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡರೆಂದರೆ, ಮರುವಾರವೇ ಗೋಪುರದ ಪಾರಿವಾಳದ ಗೂಡುಗಳನ್ನೆಲ್ಲ ಕೀಳಿಸಿ, ನಾಲ್ಕು ಮೂಲೆಗೆ ನಾಲ್ಕು ಧ್ವನಿವರ್ಧಕ ಕಟ್ಟಿಸಿಬಿಟ್ಟರು! ಇನ್ನು ಫೋನಿನಲ್ಲಿ ವಯಸ್ಸು ಒತ್ತಿದರೆ ಸಾಕು, ಅಷ್ಟೂ ಗಂಟೆ ತಾನಾಗಿ ಮೊಳಗುತ್ತದೆ.

“ನಿಮ್ಮ ಘನತೆಗೋಸ್ಕರಾನೇ ಅಣ್ಣ,” ಎಂದರು. “ಈ ವಯಸ್ಸಲ್ಲಿ ಹಗ್ಗ ಎಳೀತಾ ಇರೋದು ನೋಡೋಕಾಗಲ್ಲ.”

“ಸರಿ ಸ್ವಾಮಿ. ಘನತೆ ಬಂದ್ಮೇಲೆ ನಾನೇನು ಮಾಡ್ಲಿ?”

“ಕುರ್ಚಿ ಜೋಡಿಸಿ.”

ಹಗ್ಗ ಬಿಚ್ಚಿ ಉಗ್ರಾಣಕ್ಕೆ ಹಾಕಿದರು. ಗೋಪುರದ ಬೀಗದಕೈ ಮಾತ್ರ ಅವನ ಹತ್ತಿರವೇ ಉಳಿಯಿತು. ಮೇಲೆ ಹತ್ತಿ, ಗೂಡು ಕಿತ್ತರೂ ಬರುವುದು ಬಿಡದ ಪಾರಿವಾಳಗಳ ಹಿಕ್ಕೆ ಗುಡಿಸುವ ಘನತೆ ಬೇರೆ ಯಾರಿಗೂ ಬೇಕಿರಲಿಲ್ಲ.

ಆ ಪತ್ರದ ಮೇಲೆ ಒಂದು ವಿಚಾರಗೋಷ್ಠಿಯೂ ಆಗಬೇಕಲ್ಲ, ಆಯಿತು. ‘ಪ್ರಕೃತಿ ಉಳಿಸಿ’ ಎಂಬ ಪ್ಲಾಸ್ಟಿಕ್ ಫಲಕವನ್ನು ಅಂಗಳದ ಮರಕ್ಕೇ ಮೊಳೆ ಹೊಡೆದು ಕೂರಿಸಿದರು. ಗಂಟೆಯಣ್ಣ ಕುರ್ಚಿ ಜೋಡಿಸುತ್ತಿದ್ದಾಗ ಹಿಂದಿನ ಬೀದಿಯ ದರ್ಜಿ ಬಂದ. ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು, ತೆಗೆಯುವುದು ಮರೆತಿದ್ದ.

“ಮಗು ಹೋಯ್ತು ಸಾರ್,” ಎಂದ ಕಾರ್ಯದರ್ಶಿಗೆ. “ಗಂಟೆ ಹೊಡೆಸ್ತೀರಾ? ಮನೇಲಿ ಅವಳು ಕಿಟಕಿ ತೆಗೆದಿಟ್ಟು ಕಾಯ್ತಾ ಕೂತಿದ್ದಾಳೆ.”

“ಅಯ್ಯೋ ದೇವರೇ! ವಯಸ್ಸು?”

“ನಿನ್ನೆ ಹುಟ್ಟಿದ್ದು.”

ಕಾರ್ಯದರ್ಶಿ ಸೊನ್ನೆ ಒತ್ತಿದರು. ‘ಸರಿಯಾದ ವಯಸ್ಸು ನಮೂದಿಸಿ’ ಎಂದಿತು ಫೋನು. ಮತ್ತೆ ಒತ್ತಿದರು. ಮತ್ತೆ ಅದೇ.

“ಒಂದು ಅಂತ ಒತ್ತಿ ಸಾರ್.”

“ದಾಖಲೆ ಸುಳ್ಳಾಗುತ್ತಲ್ಲಪ್ಪ. ಕಂಪನಿಯವರಿಗೆ ಬರೀತೀನಿ. ಮುಂದಿನ ಸಲ ಸರಿಹೋಗುತ್ತೆ.”

ಮುಂದಿನ ಸಲ! ದರ್ಜಿ ಮನೆಯ ಕಡೆ ಹೊರಟುಹೋದ. ಗಂಟೆಯಣ್ಣನ ಅರ್ಧ ಕಿವಿಗೂ ಇಷ್ಟು ಕೇಳಿಸಿತ್ತು. ಮೈ ಉರಿದುಹೋಯಿತು. ಇಂಥ ಕೂಸುಗಳಿಗೆ ಅವನು ಯಾವತ್ತೂ ಒಂದು ಹೊಡೆಯುತ್ತಿದ್ದ, ಅದನ್ನೂ ಪೂರ್ತಿ ಬಲ ಹಾಕಿ. ಒಂದು ಜೀವ ಬಂದು ಹೋಯಿತು ಅಂತ ನಾಲ್ಕು ಜನಕ್ಕೆ ಗೊತ್ತಾಗುವುದು ಬೇಡವೇ?

ಕುರ್ಚಿ ಅಲ್ಲೇ ಬಿಟ್ಟು, ಏದುಸಿರು ಬಿಡುತ್ತಾ ಗೋಪುರ ಹತ್ತಿದ. ಹಗ್ಗ ಎಲ್ಲಿ ಬರಬೇಕು? ಗಂಟೆಯ ನಾಲಗೆಯನ್ನೇ ಎರಡೂ ಕೈಯಲ್ಲಿ ಹಿಡಿದು ಬೀಸಿದ.

ಕೆಳಗೆ ಗೋಷ್ಠಿ ಶುರುವಾಗಿತ್ತು. “ಪ್ರತಿಯೊಂದು ಜೀವವೂ ಅಮೂಲ್ಯ” ಎನ್ನುವಷ್ಟರಲ್ಲಿ ಕಾರ್ಯದರ್ಶಿಯ ಮಾತು ಗಂಟೆಯ ಸದ್ದಿನಲ್ಲಿ ಮುಳುಗಿಹೋಯಿತು. ಸಭೆ ಅಭ್ಯಾಸಬಲದಿಂದ ‘ಒಂದು’ ಎಂದು ಎಣಿಸಿ ಎರಡನೆಯದಕ್ಕೆ ಕಾಯಿತು. ಎರಡು ಬರಲಿಲ್ಲ. ನಿನ್ನೆ ಯಾರ ಮನೆಯಲ್ಲಿ ಹೆರಿಗೆಯಾಗಿತ್ತೆಂದು ಗೊತ್ತಿದ್ದ ಹಿಂದಿನ ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಎದ್ದು ದರ್ಜಿಯ ಮನೆಯ ಕಡೆ ನಡೆದರು.

ಕಾರ್ಯದರ್ಶಿ ಮೆಟ್ಟಿಲ ಬುಡದಲ್ಲೇ ಕಾದು ನಿಂತಿದ್ದರು. “ಯಾರನ್ನ ಕೇಳಿ ಹೊಡೆದ್ರಿ? ಬೀಗದಕೈ ಕೊಡಿ. ನಾಳೆಯಿಂದ ಬರೋದೇ ಬೇಡ.”

ಕೊಟ್ಟ. ತರಚಿದ ಕೈಯನ್ನು ಅಂಗಿಗೆ ಒರೆಸಿಕೊಂಡು ಅವನೂ ದರ್ಜಿಯ ಮನೆಗೆ ಹೋದ. ಬಾಣಂತಿ ಇನ್ನೂ ಕಿಟಕಿಯ ಹತ್ತಿರವೇ ಕೂತಿದ್ದಳು.

“ಒಂದು ಕೇಳಿಸ್ತು ಅಣ್ಣ. ನಮ್ಮ ಪುಟ್ಟಿಗೇ ತಾನೆ?”

“ಅವಳಿಗೇ ಕಣಮ್ಮ.”

ಆಮೇಲೆ ಅವಳು ಕಿಟಕಿ ಮುಚ್ಚಿದಳು.