ಗಿರಣಿ ಅಜ್ಜಿ ಮತ್ತು ನಿಂತ ಇಂಜಿನ್ನು

"ಅಮ್ಮಾ, ಗಿರಣಿ ಅಜ್ಜಿ ಕೂದ್ಲು ವಯಸ್ಸಾಗಿ ಬೆಳ್ಳಗಾಗಿದ್ದಾ, ಹಿಟ್ಟು ಬಿದ್ದಾ?"

ಮಗಳು ಇದನ್ನು ಕೇಳಿದ್ದು ಅಜ್ಜಿಯ ಎದುರಿಗೇ. ನಾನು ನಾಲಿಗೆ ಕಚ್ಚಿಕೊಂಡೆ. ಅಜ್ಜಿ ತಲೆ ಬಗ್ಗಿಸಿ, "ಊದಿ ನೋಡು. ಹಾರಿದ್ದು ಹಿಟ್ಟು, ಉಳಿದಿದ್ದು ವಯಸ್ಸು" ಎಂದರು.

ನಮ್ಮ ಅಡುಗೆಮನೆಗೂ ಅವರ ಹಿಟ್ಟಿನ ಗಿರಣಿಗೂ ನಡುವೆ ಒಂದೇ ಗೋಡೆ. ಆಚೆ ಬದಿಯ ಡೀಸೆಲ್ ಇಂಜಿನ್ನಿನ ಸದ್ದಿಗೇ ನನ್ನ ಮಗಳು ತೊಟ್ಟಿಲಲ್ಲಿ ನಿದ್ದೆ ಕಲಿತಿದ್ದು. ಅಜ್ಜಿಯ ಗಂಡ ತೀರಿಕೊಂಡಾಗ, ಹೆಂಗಸು ಇಂಜಿನ್ ಹ್ಯಾಂಡಲ್ ತಿರುಗಿಸಿದ ಹಾಗೇ ಎಂದು ನಕ್ಕವರ ಮುಂದೆಯೇ ಅವರು ಸೆರಗು ಸಿಕ್ಕಿಸಿ ತಿರುಗಿಸಿದ್ದರಂತೆ. ನಕ್ಕವರ ಮೊಮ್ಮಕ್ಕಳೂ ಈಗ ಅಲ್ಲೇ ಹಿಟ್ಟು ಮಾಡಿಸುತ್ತಾರೆ.

ಇವತ್ತು ನಮ್ಮ ಗೋಧಿ ಕಲ್ಲಿಗೆ ಬಿದ್ದಿತ್ತಷ್ಟೇ, ಇಂಜಿನ್ ಏದುಸಿರು ಬಿಟ್ಟು ನಿಂತಿತು. ವಾರದಿಂದ ಇದೇ ಪಾಡು. ನಡುವೆ ನಿಲ್ಲುತ್ತದೆ, ಡೀಸೆಲ್ ತುಂಬಿದರೆ ಹೊರಡುತ್ತದೆ, ಮತ್ತೆ ನಿಲ್ಲುತ್ತದೆ. ಗಿರಣಿಯಲ್ಲಿ ಪಾಲಿರುವ ಅಜ್ಜಿಯ ತಮ್ಮ ಬೇಸತ್ತು, ಇಂಜಿನ್ ಒಯ್ಯಲು ಸಂಜೆ ಬಾ ಎಂದು ಗುಜರಿಯವನಿಗೆ ಹೇಳಿಬಿಟ್ಟಿದ್ದ.

"ಅಕ್ಕಾ, ಮುದಿಯಾಯ್ತು. ಬಿಟ್ಬಿಡು."

"ನೀನೂ ಮುದಿಯಾದೆ. ನಿನ್ನೂ ತಕ್ಕಡಿಗೆ ಹಾಕ್ಲಾ? ಸಂಜೆಯೊಳಗೆ ಓಡಿಸ್ತೀನಿ. ಓಡ್ದಿದ್ರೆ ನಾನೇ ಕೈ ಕೊಟ್ಟು ಗಾಡಿಗೆ ಹತ್ತಿಸ್ತೀನಿ."

ಅಜ್ಜಿ ಬೆಲ್ಟ್ ಕಳಚಿ ಚಕ್ರ ತಿರುಗಿಸಿದರು. ಸಲೀಸಾಗಿ ತಿರುಗಿತು, ಎಲ್ಲೂ ಹಿಡಿದಿರಲಿಲ್ಲ. ಹ್ಯಾಂಡಲ್ ಹಾಕಿ ಸುತ್ತಿದರು. ಧಪ್ ಧಪ್ ಎಂದಿತೇ ಹೊರತು ಹೊಗೆ ಕೊಳವೆಯಲ್ಲಿ ಹೊಗೆಯ ಸುಳಿವಿಲ್ಲ.

"ಹೊಗೆ ಇಲ್ಲ ಅಂದ್ರೆ ಹೊಟ್ಟೆಗೆ ಏನೂ ಬಿದ್ದಿಲ್ಲ ಅಂತ ಅರ್ಥ ನೋಡಮ್ಮ" ಎಂದು ನನ್ನತ್ತ ತಿರುಗಿದರು.

ಮೇಲಿದ್ದ ಡೀಸೆಲ್ ಟ್ಯಾಂಕನ್ನು ಬೆರಳ ಗೆಣ್ಣಿನಿಂದ ಬಡಿದರು, ತುಂಬಿದ ಸದ್ದು. ಅದರ ಮುಚ್ಚಳಕ್ಕೆ, ಹಿಟ್ಟಿನ ಧೂಳು ಒಳಗೆ ಬೀಳದಿರಲೆಂದು ಹೋದ ವಾರ ಅವರೇ ಕಟ್ಟಿದ ಪ್ಲಾಸ್ಟಿಕ್ ಚೀಲ ಬಿಗಿಯಾಗಿ ಕೂತಿತ್ತು. ಫಿಲ್ಟರ್ ಬಿಚ್ಚಿ ತೊಳೆದರು. ಉಪಯೋಗವಾಗಲಿಲ್ಲ.

"ಪಂಪ್ ಹೋಗಿದೆ ಅಕ್ಕಾ, ನಾನು ಹೇಳಿಲ್ವಾ?"

"ನೀನು ನಿನ್ನೆ ಕಲ್ಲು ಹೋಗಿದೆ ಅಂದೆ, ಮೊನ್ನೆ ಗ್ರಹಚಾರ ಅಂದೆ. ಸುಮ್ನೆ ಕೂತ್ಕೋ."

ಟ್ಯಾಂಕಿನಿಂದ ಪಂಪಿಗೆ ಬರುವ ಪೈಪನ್ನೇ ಕಳಚಿದರು. ನಾಲ್ಕು ಹನಿ ತೊಟ್ಟಿಕ್ಕಿ ನಿಂತಿತು. ಪಂಪಿನವರೆಗೆ ಬರುತ್ತಲೇ ಇಲ್ಲವೆಂದರೆ ತಪ್ಪು ಮೇಲೆಯೇ ಇರಬೇಕು. ಅಜ್ಜಿ ಸ್ಟೂಲು ಹತ್ತಿ, ಪ್ಲಾಸ್ಟಿಕ್ ಕಿತ್ತು, ಮುಚ್ಚಳ ತಿರುಗಿಸಿದರು. ಟ್ಯಾಂಕು 'ಹುಸ್' ಎಂದು ಗಾಳಿ ಎಳೆದುಕೊಂಡಿತು. ಕೆಳಗೆ ಬಿಚ್ಚಿಟ್ಟ ಪೈಪಿನಿಂದ ಡೀಸೆಲ್ ಧಾರೆಯಾಗಿ ತಮ್ಮನ ಕಾಲ ಮೇಲೆ ಸುರಿಯಿತು.

ಮುಚ್ಚಳದ ನೆತ್ತಿಯಲ್ಲಿ ಸೂಜಿ ಹೋಗುವಷ್ಟು ತೂತು. ಡೀಸೆಲ್ ಕೆಳಗಿಳಿದಷ್ಟೂ ಗಾಳಿ ಒಳಹೋಗುವ ದಾರಿ ಅದು. ಅಜ್ಜಿಯ ಜೋಪಾನವೇ ಅದನ್ನು ಮುಚ್ಚಿತ್ತು. ಡೀಸೆಲ್ ತುಂಬಿಸಲು ಮುಚ್ಚಳ ತೆರೆದಾಗಷ್ಟೇ ಟ್ಯಾಂಕಿಗೆ ಉಸಿರು; ಆಗೆಲ್ಲ ಇಂಜಿನ್ ಹೊರಡುತ್ತಿದ್ದುದು ಅದಕ್ಕೇ.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದೆ" ಎಂದು ಅಜ್ಜಿ ಹಣೆ ಚಚ್ಚಿಕೊಂಡರು. ಪೈಪು ಜೋಡಿಸಿ, ಪೈಪಿನೊಳಗೆ ಸೇರಿದ್ದ ಗಾಳಿ ಹೊರಬಿಟ್ಟು, ಹ್ಯಾಂಡಲ್ ಸುತ್ತಿದರು. ಇಂಜಿನ್ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ಓಡಿತು. ತಮ್ಮನ ಮುಖವೂ ಅರಳಿತು.

ಆದರೆ ಅಜ್ಜಿ ಮತ್ತೆ ಸ್ಟೂಲು ಹತ್ತಿ ಅದೇ ಪ್ಲಾಸ್ಟಿಕ್ ಕಟ್ಟತೊಡಗಿದರು.

"ಹುಚ್ಚಾ ನಿಂಗೆ? ಗುಜರಿಯವನು ಬರೋ ಹೊತ್ತು!"

"ಬರ್ಲಿ. ಇದರಿಂದ್ಲೇ ನಿಂತಿದ್ದು ಅಂತ ಖಾತ್ರಿ ಆಗ್ಬೇಕು. ಇಲ್ದಿದ್ರೆ ನಾಳೆ ನೀನು ಮತ್ತೆ ಅವನ್ನ ಕರೀತೀಯ."

ಬೆಲ್ಟ್ ಏರಿಸಿ ನಮ್ಮ ಗೋಧಿ ಬೀಸುತ್ತಾ ಕಾದರು. ಹೊರಗೆ ಗುಜರಿ ಗಾಡಿ ಬಂದು ನಿಂತಿತು. ಅದೇ ಹೊತ್ತಿಗೆ ಇಂಜಿನ್ನಿನ ಸದ್ದು ಕುಗ್ಗಿ, ಸತ್ತಿತು. ಅಜ್ಜಿ ಗೆದ್ದವರಂತೆ ನಕ್ಕು ಮುಚ್ಚಳ ತೆರೆದರು. ಹುಸ್! ಮತ್ತೆ ಪೈಪಿನ ಗಾಳಿ ಹೊರಬಿಟ್ಟು, ಹ್ಯಾಂಡಲ್ ಸುತ್ತಿ, ಗುಜರಿಯವನ ಕಣ್ಣೆದುರೇ ಓಡಿಸಿದರು.

"ಅಣ್ಣಾ, ಇವತ್ತು ಖಾಲಿ ಗಾಡೀಲಿ ಹೋಗಪ್ಪ" ಎಂದು ತಮ್ಮನೇ ಅವನನ್ನು ಸಾಗಹಾಕಿದ.

ಬಿಸಿ ಹಿಟ್ಟಿನ ಚೀಲ ಕೈಗಿಡುವಾಗ ಅಜ್ಜಿ ನನ್ನನ್ನು ತಡೆದರು.

"ಧೂಳಂತೂ ಬೀಳ್ತಾನೇ ಇರುತ್ತೆ, ಹಾಗೇ ಬಿಡೋಕಾಗಲ್ಲ. ಮಗೂನ ತೊಟ್ಟಿಲಿನ ತೆಳು ಬಟ್ಟೆ ಇಟ್ಟಿದ್ದೀಯಾ? ಗಾಳಿ ಆಡೋ ಹಾಗೆ, ಮುಚ್ಚಳಕ್ಕೊಂದು ಟೋಪಿ ಹೊಲಿದುಕೊಡ್ತೀಯೇನಮ್ಮ?"